ಹೃದಯದ ಹಿಂಭಾಗದಲ್ಲಿ ಏನಿದೆ, ಅದು ಗೊತ್ತಿದ್ದರೆ ಏನು ಉಪಯೋಗ?

ಮೊದಲ ವರ್ಷದವಳು

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದೇನೆ. ಹೃದಯದ ಮುಂಭಾಗ ಚೆನ್ನಾಗಿ ಗೊತ್ತು. ಯಾವ ಪುಸ್ತಕ ತೆಗೆದರೂ ಅದರದ್ದೇ ಚಿತ್ರ: ಬಲ ವೆಂಟ್ರಿಕಲ್ (ಹೃತ್ಕುಕ್ಷಿ), ಮೇಲೆ ಮಹಾಪಧಮನಿ, ಪಕ್ಕದಲ್ಲಿ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಟ್ರಂಕ್, ಮಧ್ಯೆ ಇಳಿಯುವ ಎಲ್‌ಎಡಿ ಅಪಧಮನಿ. ಆದರೆ ಡಿಸೆಕ್ಷನ್ ಹಾಲ್‌ನಲ್ಲಿ ಹೃದಯವನ್ನು ತಿರುಗಿಸಿ ಹಿಡಿದರೆ ದಿಕ್ಕೇ ತೋಚುವುದಿಲ್ಲ. ಯಾವುದು ಎಡ, ಯಾವುದು ಬಲ, ಯಾವ ತೂತು ಯಾವ ರಕ್ತನಾಳದ್ದು, ಎಲ್ಲವೂ ಕಲಸಿಹೋಗುತ್ತದೆ.

ಎರಡು ಪ್ರಶ್ನೆ ಇವೆ. ಹಿಂಭಾಗವನ್ನು ಗುರುತಿಸುವುದು ಹೇಗೆ? ಮುಂದೆ ರೋಗಿಗಳನ್ನು ನೋಡುವಾಗ ಇದು ನಿಜವಾಗಿಯೂ ಬೇಕಾಗುತ್ತದಾ, ಅಥವಾ ಪರೀಕ್ಷೆಗೆ ಮಾತ್ರಾನಾ? ಕೆಲಸದಲ್ಲಿರುವವರು ಹೇಳಿದರೆ ಉಪಕಾರ.

ಅನಾಟಮಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಮೊದಲು ಹೃದಯವನ್ನು ಹಿಡಿಯುವ ರೀತಿ ಸರಿಮಾಡಿಕೋ. ಬಹಳಷ್ಟು ಜನ ತುದಿಯನ್ನು ನೇರ ಕೆಳಗೆ ಮಾಡಿ ಹಿಡಿಯುತ್ತಾರೆ. ಎದೆಯೊಳಗೆ ಅದು ಹಾಗೆ ನೇತಾಡುವುದಿಲ್ಲ. ತುದಿ ಎಡಕ್ಕೆ, ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಚಾಚಿರುತ್ತದೆ. ಹಾಗಾದರೆ ತುದಿಗೆ ಎದುರು ಇರುವ ಬುಡ ಎತ್ತ ಮುಖ ಮಾಡಿರಬೇಕು? ಹಿಂದಕ್ಕೆ ಮತ್ತು ಬಲಕ್ಕೆ. ನಾವು ಬೇಸ್ ಅನ್ನುವುದು ಈ ಭಾಗವನ್ನು. ಅದು ಡಯಾಫ್ರಮ್ (ವಪೆ) ಮೇಲೆ ಕೂತಿರುವ ಕೆಳಭಾಗ ಅಲ್ಲ. ಕೆಳಭಾಗ ಬೇರೆ, ಹಿಂಭಾಗ ಬೇರೆ. ಇದೊಂದು ಸ್ಪಷ್ಟವಾದರೆ ಅರ್ಧ ಗೊಂದಲ ಹೋಯಿತು.

ಇನ್ನೊಂದು. ಬಲ ಹೃದಯ, ಎಡ ಹೃದಯ ಅಂತ ಓದುತ್ತೇವಲ್ಲ, ಅವು ಅಕ್ಕಪಕ್ಕ ನಿಂತಿಲ್ಲ. ಬಲದ್ದು ಮುಂದೆ ಇದೆ, ಎಡದ್ದು ಹಿಂದೆ ಇದೆ. ಎದೆಮೂಳೆಯ ಹಿಂದೆಯೇ ಸಿಗುವುದು ಬಲ ವೆಂಟ್ರಿಕಲ್. ಎಲ್ಲಕ್ಕಿಂತ ಹಿಂದೆ, ಬೆನ್ನುಮೂಳೆಯ ಕಡೆ ಇರುವುದು ಎಡ ಏಟ್ರಿಯಂ, ಶಾಲೆಯಲ್ಲಿ ಎಡ ಹೃತ್ಕರ್ಣ ಅಂತ ಓದಿರುತ್ತೀಯಲ್ಲ, ಅದೇ. ಬೇಸ್‌ನ ಹೆಚ್ಚಿನ ಭಾಗ ಅದೇ ಆಗಿರುತ್ತದೆ. ಬಲ ಅಂಚಿನಲ್ಲಿ ಮಾತ್ರ ಬಲ ಏಟ್ರಿಯಂ ಸ್ವಲ್ಪ ಸೇರುತ್ತದೆ. ಮಲಗಿದಾಗ ಇದು 5ನೇ ಎದೆಗೂಡಿನ ಕಶೇರುಕದಿಂದ 8ನೆಯದರವರೆಗಿನ ಮಟ್ಟದಲ್ಲಿರುತ್ತದೆ.

ಈಗ ಕೈಯಲ್ಲಿರುವ ಹೃದಯವನ್ನು ತಿರುಗಿಸು. ನಾಲ್ಕು ತೂತು ಹುಡುಕು, ಎಡಕ್ಕೆ ಎರಡು, ಬಲಕ್ಕೆ ಎರಡು. ಅವು ಪಲ್ಮನರಿ ವೇನ್‌ಗಳು, ಶ್ವಾಸಕೋಶದಿಂದ ಶುದ್ಧ ರಕ್ತ ತರುವವು. ನಾಲ್ಕರ ನಡುವೆ ಇರುವ ನುಣುಪಾದ ಗೋಡೆಯೇ ಎಡ ಏಟ್ರಿಯಂನ ಹಿಂಗೋಡೆ. ಅದರ ಕೆಳ ಅಂಚಿನಲ್ಲಿ ಒಂದು ಅಡ್ಡ ಕಾಲುವೆ ಇರುತ್ತದೆ. ಮೇಲೆ ಎಡ ಏಟ್ರಿಯಂ, ಕೆಳಗೆ ಎಡ ವೆಂಟ್ರಿಕಲ್, ಎರಡರ ಮಧ್ಯದ ತೋಡು ಅದು. ಆ ತೋಡಿನಲ್ಲಿ ದಪ್ಪಗೆ, ನೀಲಿ ಛಾಯೆಯಲ್ಲಿ ಮಲಗಿರುವುದು ಕರೋನರಿ ಸೈನಸ್, ಹೃದಯದ ಸ್ನಾಯುವಿನಿಂದ ರಕ್ತ ವಾಪಸು ತರುವ ಅಭಿಧಮನಿ. ಕೊಬ್ಬಿನಲ್ಲಿ ಹುದುಗಿರುತ್ತದೆ, ಮೆಲ್ಲಗೆ ಬಿಡಿಸಬೇಕು. ಅದನ್ನೇ ಹಿಡಿದು ಬಲಕ್ಕೆ ಹೋದರೆ ಬಲ ಏಟ್ರಿಯಂ ಒಳಗೆ ತೆರೆದುಕೊಳ್ಳುತ್ತದೆ, ದೇಹದ ಕೆಳಭಾಗದ ರಕ್ತ ತರುವ ಇನ್‌ಫೀರಿಯರ್ ವೀನಾ ಕೇವಾದ ಬಾಯಿಯ ಪಕ್ಕದಲ್ಲೇ. ಇಷ್ಟು ಸಿಕ್ಕಿದರೆ ಎಡ ಬಲ ಇನ್ನು ತಪ್ಪುವುದಿಲ್ಲ.

ಮೊದಲ ವರ್ಷದವಳು

ಧನ್ಯವಾದ ಸರ್. ಪಲ್ಮನರಿ ವೇನ್ ಯಾವಾಗಲೂ ನಾಲ್ಕೇ ಇರುತ್ತವಾ? ನಮ್ಮ ಟೇಬಲ್‌ನ ಹೃದಯದಲ್ಲಿ ಎಡಗಡೆ ಒಂದೇ ದೊಡ್ಡ ಬಾಯಿ ಕಾಣುತ್ತಿದೆ. ಹಾಗೆಯೇ, ಹೃದಯದ ಚೀಲದೊಳಗಿನ ಸಂದುಗಳಾದ ಆಬ್ಲಿಕ್ ಸೈನಸ್, ಟ್ರಾನ್ಸ್‌ವರ್ಸ್ ಸೈನಸ್ ಎರಡನ್ನೂ ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ.

ಅನಾಟಮಿ ಮೇಷ್ಟ್ರು

ನೀನು ನೋಡಿದ್ದು ಸರಿ. ಎಡಗಡೆಯ ಎರಡೂ ವೇನ್ ಸೇರಿ ಒಂದೇ ಬಾಯಿಯಾಗಿ ತೆರೆದುಕೊಳ್ಳುವುದು ಸಾಕಷ್ಟು ಜನರಲ್ಲಿ ಇದೆ. ಬಲಗಡೆ ಮೂರನೆಯದೊಂದು ಸಣ್ಣ ವೇನ್ ಇರುವುದೂ ಉಂಟು. ಇದು ರೋಗವಲ್ಲ. ಆದರೆ ಆ ವೇನ್‌ಗಳ ಬಾಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಮುಂಚೆಯೇ ಗೊತ್ತಿರಬೇಕು, ಹಾಗಾಗಿ ಸಿಟಿ ತೆಗೆಸಿ ನೋಡಿಕೊಳ್ಳುವುದುಂಟು.

ಸೈನಸ್‌ಗಳನ್ನು ಓದಿ ಕಲಿಯಬೇಡ, ಬೆರಳಿನಿಂದ ಕಲಿ. ಹೃದಯವನ್ನು ಸುತ್ತಿರುವ ಪೆರಿಕಾರ್ಡಿಯಂ ಚೀಲ ಇನ್ನೂ ಇರುವ ದೇಹದಲ್ಲಿ ಮಾಡಬೇಕು ಇದನ್ನು. ಹೃದಯದ ತುದಿಯನ್ನು ಎತ್ತಿ ಹಿಡಿ. ಕೆಳಗಿನಿಂದ ಎರಡು ಬೆರಳನ್ನು ಹೃದಯದ ಹಿಂದೆ ಮೇಲಕ್ಕೆ ತೂರಿಸು. ಎಡ ಏಟ್ರಿಯಂನ ಹಿಂಗೋಡೆ ಬೆರಳಿಗೆ ತಾಗುತ್ತದೆ. ಇನ್ನೂ ಮೇಲೆ ಹೋದರೆ ಬೆರಳು ನಿಂತುಬಿಡುತ್ತದೆ. ಯಾಕೆಂದರೆ ಪೆರಿಕಾರ್ಡಿಯಂನ ಒಳಪದರ ಪಲ್ಮನರಿ ವೇನ್‌ಗಳು ಮತ್ತು ವೀನಾ ಕೇವಾಗಳ ಸುತ್ತ ಮಡಚಿಕೊಂಡು ಅಲ್ಲಿ ದಾರಿ ಮುಚ್ಚಿದೆ. ಬೆರಳು ನಿಂತ ಆ ಜಾಗ ಆಬ್ಲಿಕ್ ಸೈನಸ್.

ಈಗ ಬೆರಳು ತೆಗೆದು, ಮೇಲಿನಿಂದ ಮಹಾಪಧಮನಿ ಮತ್ತು ಪಲ್ಮನರಿ ಟ್ರಂಕ್ ಎರಡರ ಹಿಂದೆ ಅಡ್ಡಲಾಗಿ ತೂರಿಸು. ದೇಹದ ಮೇಲ್ಭಾಗದ ರಕ್ತ ತರುವ ಸುಪೀರಿಯರ್ ವೀನಾ ಕೇವಾದ ಮುಂದೆ ಹಾದು ಆಚೆ ಬದಿಯಲ್ಲಿ ಬೆರಳ ತುದಿ ಹೊರಬರುತ್ತದೆ. ಅದು ಟ್ರಾನ್ಸ್‌ವರ್ಸ್ ಸೈನಸ್. ಒಂದರಲ್ಲಿ ಬೆರಳು ನಿಲ್ಲುತ್ತದೆ, ಇನ್ನೊಂದರಲ್ಲಿ ಹಾದುಹೋಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಆ ದೊಡ್ಡ ನಾಳಗಳನ್ನು ಸುತ್ತಿ ಹಿಡಿಯಲು ಸರ್ಜನ್‌ಗೆ ಸಿಗುವ ದಾರಿಯೂ ಇದೇ.

ಎಕೋ ಅಕ್ಕ

ಮೇಷ್ಟ್ರು ಹೇಳಿದ ಆ ಆಬ್ಲಿಕ್ ಸೈನಸ್ ಪರೀಕ್ಷೆಗೆ ಮಾತ್ರ ಅಲ್ಲ ತಂಗಿ. ಹೃದಯದ ಶಸ್ತ್ರಚಿಕಿತ್ಸೆ ಆದ ಮೇಲೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿ ಅಲ್ಲೇ ಕೂತುಬಿಡುತ್ತದೆ. ಮುಂದೆ ಏನೂ ಇರುವುದಿಲ್ಲ, ಹಿಂದೆ ಗಡ್ಡೆ ಎಡ ಏಟ್ರಿಯಂ ಅನ್ನು ಅಮುಕುತ್ತಿರುತ್ತದೆ. ರೋಗಿಯ ಬಿಪಿ ಇಳಿಯುತ್ತಾ ಹೋಗುತ್ತದೆ. ಎದೆಯ ಮೇಲಿಂದ ಎಕೋ ಮಾಡಿದರೆ ಅದು ತಪ್ಪಿಹೋಗಬಹುದು. ಆಗ ಗಂಟಲಿನ ಮೂಲಕ ಮಾಡುವ ಟಿಇಇ ಬೇಕಾಗುತ್ತದೆ, ಇಲ್ಲವೇ ಸಿಟಿ.

ಟಿಇಇ ಅಷ್ಟು ಸ್ಪಷ್ಟವಾಗಿ ಕಾಣುವುದಕ್ಕೂ ಹಿಂಭಾಗದ ರಚನೆಯೇ ಕಾರಣ. ಎಡ ಏಟ್ರಿಯಂ ಹಿಂದೆ ಪೆರಿಕಾರ್ಡಿಯಂ, ಅದರ ಹಿಂದೆ ಅನ್ನನಾಳ. ನಡುವೆ ಇರುವ ಅಂತರ ಕೆಲವೇ ಮಿಲಿಮೀಟರ್. ಎದೆಯ ಮೇಲಿಂದ ನೋಡುವಾಗ ಪಕ್ಕೆಲುಬು, ಶ್ವಾಸಕೋಶದ ಗಾಳಿ, ಕೊಬ್ಬು ಎಲ್ಲ ಅಡ್ಡ ಬರುತ್ತವೆ. ಅನ್ನನಾಳದೊಳಗೆ ಪ್ರೋಬ್ ಇಳಿಸಿದರೆ ಅದ್ಯಾವುದೂ ಅಡ್ಡ ಇಲ್ಲ. ಎಡ ಏಟ್ರಿಯಂನ ಅಪೆಂಡೇಜ್ ಅನ್ನುವ ಸಣ್ಣ ಚೀಲದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ, ಎಡ ಏಟ್ರಿಯಂ ಮತ್ತು ಎಡ ವೆಂಟ್ರಿಕಲ್ ನಡುವಿನ ಮೈಟ್ರಲ್ ಕವಾಟದ ಮೇಲೆ ಸೋಂಕಿನ ಗಂಟು ಇದೆಯಾ, ಕೃತಕ ಕವಾಟದ ಪಕ್ಕ ಸೋರುತ್ತಿದೆಯಾ, ಇವನ್ನೆಲ್ಲ ಚೆನ್ನಾಗಿ ನೋಡಬಹುದು.

ಎದೆಯ ಮೇಲಿನ ಎಕೋದಲ್ಲೂ ಹಿಂಭಾಗ ಗೊತ್ತಿದ್ದವರಿಗೆ ಒಂದು ಗುರುತು ಸಿಗುತ್ತದೆ. ಎದೆಮೂಳೆಯ ಎಡಕ್ಕೆ ಪ್ರೋಬ್ ಇಟ್ಟು ಉದ್ದ ನೋಟ ತೆಗೆದಾಗ, ಪರದೆಯಲ್ಲಿ ಎಡ ಏಟ್ರಿಯಂ ಕೆಳಗೆ ಒಂದು ದುಂಡನೆಯ ಕಪ್ಪು ವೃತ್ತ ಕಾಣುತ್ತದೆ. ಅದು ಹಿಂದೆ ಇಳಿಯುವ ಮಹಾಪಧಮನಿ. ಹೃದಯದ ಹಿಂದೆ ನೀರು ಕಂಡರೆ ಮೊದಲು ಆ ವೃತ್ತ ಹುಡುಕಬೇಕು. ನೀರಿನ ಪಟ್ಟಿ ವೃತ್ತದ ಮುಂದೆ, ಹೃದಯ ಮತ್ತು ಮಹಾಪಧಮನಿ ನಡುವೆ ತೂರಿದ್ದರೆ ಅದು ಪೆರಿಕಾರ್ಡಿಯಂ ನೀರು. ವೃತ್ತದ ಹಿಂದೆಯೇ ಉಳಿದಿದ್ದರೆ ಎಡ ಶ್ವಾಸಕೋಶದ ಸುತ್ತಲಿನ ನೀರು. ಎರಡರ ಚಿಕಿತ್ಸೆ ಪೂರ್ತಿ ಬೇರೆ, ಸೂಜಿ ಹಾಕುವ ಜಾಗವೂ ಬೇರೆ.

ಇಸಿಜಿ ಕೋಣೆ

ನನ್ನ ಕೆಲಸದಲ್ಲಿ ಹಿಂಭಾಗ ಅಂದರೆ ತುಂಬಾ ಮುಖ್ಯ. ಸ್ವಲ್ಪ ಉದ್ದ ಬರೆಯುತ್ತೇನೆ.

12 ಲೀಡ್ ಇಸಿಜಿಯಲ್ಲಿ ಎದೆಗೆ ಅಂಟಿಸುವ ಆರು ಲೀಡ್ ಕೂಡ ಮುಂದೆ ಮತ್ತು ಎಡ ಪಕ್ಕದಲ್ಲೇ ಇರುತ್ತವೆ. ಬೆನ್ನ ಮೇಲೆ ಒಂದೂ ಇಲ್ಲ. ಹಿಂದಿನ ಗೋಡೆಗೆ ರಕ್ತ ಹೋಗುವುದು ನಿಂತು ಹೃದಯಾಘಾತ ಆದರೆ, ಮುಂದಿನ ಲೀಡ್‌ಗಳಿಗೆ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಕಾಣುತ್ತದೆ. ಇಸಿಜಿ ಗೆರೆಯ ಎಸ್‌ಟಿ ಭಾಗ ಮೇಲೇಳಬೇಕಾದದ್ದು ಎದೆಯ ಮುಂದಿನ ಲೀಡ್‌ಗಳಾದ ವಿ1ರಿಂದ ವಿ3ರಲ್ಲಿ ಕೆಳಗಿಳಿದು, ಸಮತಟ್ಟಾಗಿ ಕಾಣುತ್ತದೆ. ಕ್ಯೂ ಅಲೆ ಬರುವ ಬದಲು ಎತ್ತರದ ಆರ್ ಅಲೆ. ಟಿ ಅಲೆ ಮೇಲ್ಮುಖ. ಇದನ್ನು ನೋಡಿ ಸುಮ್ನೆ "ಸ್ವಲ್ಪ ರಕ್ತದ ಕೊರತೆ ಇದೆ" ಅಂತ ಬದಿಗಿಟ್ಟರೆ, ಪೂರ್ತಿ ಮುಚ್ಚಿಹೋದ ರಕ್ತನಾಳವೊಂದು ಕೈತಪ್ಪುತ್ತದೆ.

ಅದಕ್ಕೆ ಎದೆನೋವಿನ ರೋಗಿಯ ವಿ1, ವಿ2, ವಿ3ರಲ್ಲಿ ಎಸ್‌ಟಿ ಇಳಿದಿದ್ದರೆ ನಾನು ಡಾಕ್ಟರ್ ಹೇಳುವವರೆಗೂ ಕಾಯುವುದಿಲ್ಲ, ಹಿಂದಿನ ಲೀಡ್ ತೆಗೆಯಲೇ ಅಂತ ನಾನೇ ಕೇಳುತ್ತೇನೆ. ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಬೇಕು, ಅಥವಾ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಬೇಕು. ಬೆನ್ನ ಬೆವರು ಒರೆಸಬೇಕು, ಇಲ್ಲದಿದ್ದರೆ ಅಂಟುವುದೇ ಇಲ್ಲ. ವಿ6 ಇದ್ದ ಮಟ್ಟದಲ್ಲೇ ಅಡ್ಡಗೆರೆ ಎಳೆದಂತೆ ಹಿಂದಕ್ಕೆ ಹೋಗಬೇಕು. ಕಂಕುಳಿನ ಹಿಂದಿನ ಮಡಿಕೆಯಿಂದ ನೇರ ಕೆಳಗೆ ವಿ7. ರೆಕ್ಕೆಮೂಳೆಯ ಕೆಳತುದಿಯ ಕೆಳಗೆ ವಿ8. ಬೆನ್ನುಮೂಳೆಯ ಎಡ ಪಕ್ಕದಲ್ಲಿ ವಿ9. ವಿ4, ವಿ5, ವಿ6ರ ವೈರ್‌ಗಳನ್ನೇ ತೆಗೆದು ಇವಕ್ಕೆ ಸಿಕ್ಕಿಸಿದರಾಯಿತು.

ಆಮೇಲೆ ಮರೆಯಬಾರದ ಒಂದು ಕೆಲಸ. ಮಷೀನ್‌ಗೆ ವೈರ್ ಜಾಗ ಬದಲಾದದ್ದು ತಿಳಿಯುವುದಿಲ್ಲ, ಅದು ವಿ4, ವಿ5, ವಿ6 ಅಂತಲೇ ಮುದ್ರಿಸುತ್ತದೆ. ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ವಿ7, ವಿ8, ವಿ9 ಅಂತ ದೊಡ್ಡದಾಗಿ ಬರೆಯಬೇಕು. ಬರೆಯದೆ ಕೊಟ್ಟರೆ ಮುಂದಿನ ಪಾಳಿಯವರು ಆ ಕಾಗದವನ್ನು ಮಾಮೂಲಿ ಇಸಿಜಿ ಅಂದುಕೊಳ್ಳುತ್ತಾರೆ.

ಹಿಂದಿನ ಲೀಡ್‌ಗಳಲ್ಲಿ 0.5 ಮಿಲಿಮೀಟರ್ ಎಸ್‌ಟಿ ಏರಿಕೆ ಇದ್ದರೂ ಗಂಭೀರವಾಗಿ ತೆಗೆದುಕೊಳ್ಳಬೇಕು. 40 ವರ್ಷದೊಳಗಿನ ಗಂಡಸರಲ್ಲಿ 1 ಮಿಲಿಮೀಟರ್. ಎಲೆಕ್ಟ್ರೋಡ್‌ಗೂ ಹೃದಯಕ್ಕೂ ನಡುವೆ ಶ್ವಾಸಕೋಶ, ಬೆನ್ನಿನ ಸ್ನಾಯು ಎಲ್ಲ ಇರುವುದರಿಂದ ಅಲೆಗಳು ಚಿಕ್ಕದಾಗೇ ಬರುತ್ತವೆ. ದೊಡ್ಡ ಏರಿಕೆ ಬರಲಿ ಅಂತ ಕಾಯುತ್ತಾ ಕೂರುವಂತಿಲ್ಲ.

ಹಿರಿಮಗ

ಇದನ್ನು ಓದಿ ಮೈ ಜುಮ್ಮೆಂದಿತು. ನಾನು ವೈದ್ಯಕೀಯದವನಲ್ಲ. ನಮ್ಮ ತಂದೆಯವರಿಗೆ ಎದೆ ಹಿಡಿದ ಹಾಗೆ ಆಗಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲ ಇಸಿಜಿ ನೋಡಿ ಅಷ್ಟೇನೂ ಇಲ್ಲ ಎಂದರು. ನೋವು ಹೋಗಲಿಲ್ಲ. ರಾತ್ರಿ ಬೇರೆ ಕಡೆ ಹೋದಾಗ ಹಿಂದಿನ ರಕ್ತನಾಳ ಮುಚ್ಚಿದೆ ಎಂದು ಹೇಳಿ ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾರೆ. ಆದರೆ ಆ ಪ್ರಶ್ನೆ ಮನಸ್ಸಲ್ಲಿ ಉಳಿದುಬಿಟ್ಟಿದೆ. ಇಸಿಜಿಯಲ್ಲಿ ಬರದೇ ಇರುವುದು ಸಾಧ್ಯವಾ? ಹಿಂಭಾಗದ ಹೃದಯಾಘಾತಕ್ಕೆ ಬೆನ್ನು ನೋವು ಬರುತ್ತದಾ? ಅವರಿಗೆ ಬೆನ್ನು ನೋವೇ ಇರಲಿಲ್ಲ.

ಇಸಿಜಿ ಕೋಣೆ

ತಂದೆಯವರು ಚೆನ್ನಾಗಿದ್ದಾರೆ ಎಂದು ಕೇಳಿ ಸಮಾಧಾನವಾಯಿತು ಸರ್. ಹೌದು, ಸಾಧ್ಯ. ಎಡ ಸರ್ಕಮ್‌ಫ್ಲೆಕ್ಸ್ ಅನ್ನುವ ರಕ್ತನಾಳ ಹೃದಯದ ಎಡ ಅಂಚನ್ನು ಸುತ್ತಿ ಹಿಂದಕ್ಕೆ ಹೋಗುತ್ತದೆ. ಅದು ಮುಚ್ಚಿದಾಗ ಮಾಮೂಲಿ 12 ಲೀಡ್‌ನಲ್ಲಿ ಏನೂ ಹೆಚ್ಚು ಕಾಣದೇ ಇರುವುದು ಬಹಳ ಸಲ ಆಗುತ್ತದೆ. ಅದಕ್ಕೇ ಒಂದು ಇಸಿಜಿಯಿಂದ ತೀರ್ಮಾನ ಮಾಡಬಾರದು. ನೋವು ಇರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯಬೇಕು, ಹಿಂದಿನ ಲೀಡ್ ಹಾಕಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದರೆ ಏರುವ ಟ್ರೋಪೋನಿನ್ ಅನ್ನು ರಕ್ತದಲ್ಲಿ ನೋಡಬೇಕು.

ಬೆನ್ನು ನೋವಿನ ಪ್ರಶ್ನೆಗೆ ಡಾಕ್ಟರ್ ಯಾರಾದರೂ ಉತ್ತರಿಸಲಿ.

ಹೃದ್ರೋಗ ವಿಭಾಗ

ಸರ್, ನೋವು ಎಲ್ಲಿ ಬರುತ್ತದೆ ಅನ್ನುವುದರಿಂದ ಹೃದಯದ ಯಾವ ಗೋಡೆಗೆ ಪೆಟ್ಟಾಗಿದೆ ಎಂದು ಹೇಳಲು ಬರುವುದಿಲ್ಲ. ಹೃದಯದ ನೋವಿನ ನರಗಳು ಗೋಡೆ ಗೋಡೆಗೆ ಬೇರೆ ಬೇರೆ ಜಾಗ ತೋರಿಸುವುದಿಲ್ಲ. ಎದೆ, ದವಡೆ, ತೋಳು, ಹೊಟ್ಟೆಯ ಮೇಲ್ಭಾಗ, ಬೆನ್ನು, ಎಲ್ಲಿ ಬೇಕಾದರೂ ಬರಬಹುದು. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ, ನೋವೇ ಇಲ್ಲದೆ ಬರೀ ಉಸಿರುಗಟ್ಟುವುದು, ಬೆವರುವುದು ಇರಬಹುದು. ಒಂದೇಸಲ ಶುರುವಾಗಿ ಹರಿದುಹೋಗುವ ಹಾಗೆ ಬೆನ್ನು ನೋವು ಬಂದರೆ ನಾವು ಮಹಾಪಧಮನಿಯ ಗೋಡೆ ಸೀಳಿದೆಯಾ ಎಂದು ಯೋಚಿಸುತ್ತೇವೆ. ಅದರ ಚಿಕಿತ್ಸೆ ಬೇರೆ.

ಮನೆಯವರು ಮಾಡಬೇಕಾದದ್ದು ಒಂದೇ. ಎದೆ ಹಿಡಿದ ಹಾಗಾಗಿ ಕಡಿಮೆಯಾಗದಿದ್ದರೆ ತಡಮಾಡದೆ ಹೊರಡಿ. ಮೊದಲ ಇಸಿಜಿ ಚೆನ್ನಾಗಿದೆ ಎಂದಮೇಲೂ ನೋವು ಉಳಿದಿದ್ದರೆ "ನೋವು ಇನ್ನೂ ಇದೆ" ಎಂದು ಮತ್ತೆ ಮತ್ತೆ ಹೇಳಿ. ಸಂಕೋಚ ಬೇಡ.

ಅನಾಟಮಿ ಮೇಷ್ಟ್ರು

ರಕ್ತನಾಳದ ಮಾತು ಬಂದಿದ್ದರಿಂದ ಹಿಂಭಾಗಕ್ಕೆ ರಕ್ತ ಹೋಗುವ ಬಗೆ ಹೇಳಿಬಿಡುತ್ತೇನೆ, ಮಗು ಬರೆದುಕೊಳ್ಳಲಿ.

ಹೃದಯದ ಸ್ನಾಯುವಿಗೇ ರಕ್ತ ಕೊಡುವ ಬಲ ಕರೋನರಿ ಅಪಧಮನಿ ಬಲ ಅಂಚನ್ನು ಸುತ್ತಿ ಹಿಂದೆ ಬರುತ್ತದೆ. ಎಡ ಸರ್ಕಮ್‌ಫ್ಲೆಕ್ಸ್ ಎಡ ಅಂಚನ್ನು ಸುತ್ತಿ ಹಿಂದೆ ಬರುತ್ತದೆ. ಹಿಂಭಾಗದಲ್ಲಿ ನಾಲ್ಕೂ ಕೋಣೆಗಳ ತೋಡುಗಳು ಕೂಡುವ ಒಂದು ಜಾಗ ಇದೆ, ಅದಕ್ಕೆ ಕ್ರಕ್ಸ್ ಎನ್ನುತ್ತೇವೆ. ಅಲ್ಲಿಂದ ಎರಡು ವೆಂಟ್ರಿಕಲ್‌ಗಳ ನಡುವೆ ತುದಿಯ ಕಡೆಗೆ ಇಳಿಯುವ ಅಪಧಮನಿ ಪಿಡಿಎ. ಅದು ಯಾವ ಕಡೆಯ ನಾಳದಿಂದ ಹುಟ್ಟಿದೆಯೋ ಆ ಕಡೆ ಡಾಮಿನೆಂಟ್. ಸುಮಾರು 80% ಜನರಲ್ಲಿ ಬಲ. ಉಳಿದವರಲ್ಲಿ ಎಡ, ಅಥವಾ ಎರಡೂ ಹಂಚಿಕೊಂಡಿರುತ್ತವೆ.

ಇದು ಯಾಕೆ ಮುಖ್ಯ? ಕ್ರಕ್ಸ್ ಹತ್ತಿರವೇ, ಬಡಿತದ ಸಂಕೇತವನ್ನು ವೆಂಟ್ರಿಕಲ್‌ಗಳಿಗೆ ದಾಟಿಸುವ ಎವಿ ನೋಡ್‌ಗೆ ರಕ್ತ ಕೊಡುವ ಸಣ್ಣ ನಾಳ ಹುಟ್ಟುತ್ತದೆ, ಹೆಚ್ಚಿನವರಲ್ಲಿ ಬಲ ಕರೋನರಿಯಿಂದ. ಅಲ್ಲಿ ಮುಚ್ಚಿದರೆ ಹೃದಯದ ಬಡಿತ ನಿಧಾನವಾಗಿ ಹಾರ್ಟ್ ಬ್ಲಾಕ್ ಆಗಬಹುದು. ಇನ್ನೊಂದು, ಮೈಟ್ರಲ್ ಕವಾಟವನ್ನು ಹಿಡಿದಿರುವ ಎರಡು ಪ್ಯಾಪಿಲರಿ ಸ್ನಾಯುಗಳಲ್ಲಿ ಮುಂದಿನದಕ್ಕೆ ಸಾಮಾನ್ಯವಾಗಿ ಎರಡು ನಾಳಗಳಿಂದ ರಕ್ತ ಬರುತ್ತದೆ. ಹಿಂದಿನದಕ್ಕೆ ಹೆಚ್ಚಾಗಿ ಪಿಡಿಎ ಒಂದೇ ಆಧಾರ. ಹಾಗಾಗಿ ಹರಿದುಹೋಗುವುದು ಜಾಸ್ತಿ ಅದೇ.

ಹೃದ್ರೋಗ ವಿಭಾಗ

ಮೇಷ್ಟ್ರ ಕೊನೆಯ ಮಾತಿಗೆ ಸೇರಿಸುತ್ತೇನೆ. ಆ ಸ್ನಾಯು ಹರಿಯುವುದು ಹೆಚ್ಚಾಗಿ ಹೃದಯಾಘಾತವಾಗಿ 2ರಿಂದ 7 ದಿನದೊಳಗೆ. ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ ಅನ್ನುವಾಗಲೇ ಒಮ್ಮೆಲೇ ಉಸಿರು ಕಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಜೋರಾದ ಮರ್ಮರ್ (ರಕ್ತ ಹರಿಯುವ ಅಸಹಜ ಸದ್ದು) ಕೇಳಬೇಕು ಅಂತ ಓದಿರುತ್ತೇವೆ. ಎಷ್ಟೋ ಸಲ ಕೇಳುವುದೇ ಇಲ್ಲ, ಯಾಕೆಂದರೆ ಎಡ ಏಟ್ರಿಯಂ ಮತ್ತು ವೆಂಟ್ರಿಕಲ್‌ನ ಒತ್ತಡ ಬೇಗ ಸಮನಾಗಿಬಿಡುತ್ತದೆ. ಸ್ಟೆತಾಸ್ಕೋಪ್‌ನಲ್ಲಿ ಏನೂ ಕೇಳಿಸಲಿಲ್ಲ ಅಂತ ಬಿಡದೆ ತಕ್ಷಣ ಎಕೋ ಮಾಡಿಸಬೇಕು. ಇದಕ್ಕೆ ಶಸ್ತ್ರಚಿಕಿತ್ಸೆ ತುರ್ತಾಗಿ ಬೇಕು.

ಎಂಆರ್‌ಐ ನೋಡುವವ

ಇಲ್ಲಿ ಒಂದು ತಕರಾರು ಇದೆ. ಇಸಿಜಿ ಕೋಣೆಯವರು ಹಿಂದಿನ ಗೋಡೆ ಎಂದು ಕರೆದದ್ದು ನಿಜವಾಗಿ ಪೂರ್ತಿ ಹಿಂದೆ ಇಲ್ಲ. ಎಂಆರ್‌ಐ ಮಾಡಿದರೆ ಎಡ ವೆಂಟ್ರಿಕಲ್ ಎದೆಯೊಳಗೆ ಓರೆಯಾಗಿ ಮಲಗಿರುವುದು ಕಾಣುತ್ತದೆ. ವಿ1ರಲ್ಲಿ ಎತ್ತರದ ಆರ್ ಅಲೆ ಬರುವ ಹೃದಯಾಘಾತಗಳಲ್ಲಿ ಗಾಯದ ಗುರುತು ಸಿಗುವುದು ಹೆಚ್ಚಾಗಿ ಪಕ್ಕದ ಗೋಡೆಯಲ್ಲಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2002ರಲ್ಲಿ ಕೊಟ್ಟ, ಎಡ ವೆಂಟ್ರಿಕಲ್‌ನ 17 ಭಾಗಗಳ ನಕ್ಷೆಯಲ್ಲಿ ಪೋಸ್ಟೀರಿಯರ್ (ಹಿಂದಿನ) ಅನ್ನುವ ಭಾಗವೇ ಇಲ್ಲ. ಇನ್‌ಫೀರಿಯರ್ (ಕೆಳಗಿನ), ಇನ್‌ಫೆರೋಲ್ಯಾಟರಲ್ (ಕೆಳಪಕ್ಕದ) ಅಂತಿದೆ. ವಿದ್ಯಾರ್ಥಿಗಳಿಗೆ ಮೊದಲಿನಿಂದ ಇದನ್ನೇ ಕಲಿಸಿದರೆ ಒಳ್ಳೆಯದು.

ಇಸಿಜಿ ಕೋಣೆ

ಸರ್, ನಕ್ಷೆಯ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ತುರ್ತು ವಿಭಾಗದಲ್ಲಿ ಪೋಸ್ಟೀರಿಯರ್ ಎಂದರೆ ಎಲ್ಲರಿಗೂ ಕೂಡಲೇ ಬೆನ್ನಿಗೆ ಲೀಡ್ ಹಾಕಬೇಕು ಅಂತ ಅರ್ಥವಾಗುತ್ತದೆ, ಮುಚ್ಚಿದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್‌ಗೆ ಫೋನ್ ಹೋಗುತ್ತದೆ. ಆ ಅಭ್ಯಾಸ ಜೀವ ಉಳಿಸುತ್ತಿದೆ. ಹೆಸರು ಬದಲಾಯಿಸುವ ಭರದಲ್ಲಿ ಅದನ್ನು ಕಳೆದುಕೊಳ್ಳಬಾರದು.

ಅನಾಟಮಿ ಮೇಷ್ಟ್ರು

ಇಬ್ಬರ ಮಾತೂ ಒಟ್ಟಿಗೆ ನಿಲ್ಲುತ್ತದೆ. ವರದಿಯಲ್ಲಿ 17 ಭಾಗದ ಹೆಸರು ಬರೆಯಲಿ, ರೋಗಿಯ ಬೆನ್ನಿಗೆ ಲೀಡ್ ಹಾಕಲಿ. ಈ ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ: ಹೃದಯದ ಹಿಂಭಾಗ ಮುಂದಿನಿಂದ ಕೈಗೆ ಸಿಗುವುದಿಲ್ಲ. ಅದನ್ನು ಮುಟ್ಟಲು ಪ್ರತಿಸಲ ಒಂದು ಬೇರೆ ದಾರಿ ಹಿಡಿಯಬೇಕು. ಬೆನ್ನ ಮೇಲಿನ ಲೀಡ್, ಅನ್ನನಾಳದ ಪ್ರೋಬ್, ಅಭಿಧಮನಿಯೊಳಗಿನ ತಂತಿ. ದಾರಿ ಹಿಡಿಯಲು ಪಕ್ಕದಲ್ಲಿ ಏನಿದೆ ಗೊತ್ತಿರಬೇಕು. ಅದಕ್ಕೇ ಅನಾಟಮಿ ಓದುವುದು.

ಪೇಸ್‌ಮೇಕರ್ ತಂಡ

ಅಭಿಧಮನಿಯೊಳಗಿನ ತಂತಿ ಅಂದಿರಿ, ಅದರ ಬಗ್ಗೆ ನಾನು ಹೇಳುತ್ತೇನೆ. ಹೃದಯ ದುರ್ಬಲವಾಗಿ ಎರಡು ವೆಂಟ್ರಿಕಲ್‌ಗಳು ಒಟ್ಟಿಗೆ ಕುಗ್ಗದೇ ಇದ್ದಾಗ, ಎರಡನ್ನೂ ಒಟ್ಟಿಗೆ ಮಿಡಿಸುವ ಸಿಆರ್‌ಟಿ ಅನ್ನುವ ಪೇಸ್‌ಮೇಕರ್ ಹಾಕುತ್ತೇವೆ. ಎಡ ವೆಂಟ್ರಿಕಲ್‌ಗೂ ಒಂದು ತಂತಿ ಬೇಕು. ಅದರೊಳಗೆ ತಂತಿ ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯ. ಅದಕ್ಕೆ ಹಿಂಭಾಗದ ಕರೋನರಿ ಸೈನಸ್ ಮೂಲಕ ಹೋಗುತ್ತೇವೆ. ಬಲ ಏಟ್ರಿಯಂನಿಂದ ಅದರ ಬಾಯಿ ಹೊಕ್ಕು, ಹಿಂದಿನ ತೋಡಿನಲ್ಲಿ ಎಡಕ್ಕೆ ಸಾಗಿ, ಎಡ ವೆಂಟ್ರಿಕಲ್‌ನ ಹೊರಮೈಯ ಒಂದು ಕವಲಿನಲ್ಲಿ ತಂತಿಯನ್ನು ನಿಲ್ಲಿಸುತ್ತೇವೆ.

ಹೇಳಿದಷ್ಟು ಸುಲಭವಿಲ್ಲ. ಬಾಯಿಯಲ್ಲೇ ಥೆಬೇಸಿಯನ್ ಕವಾಟ ಅನ್ನುವ ತೆಳು ಪದರ ಇರುತ್ತದೆ. ಕೆಲವರಲ್ಲಿ ಅದು ಬಾಯಿಯ ಬಹುಭಾಗ ಮುಚ್ಚಿ ಕ್ಯಾತಿಟರ್ ಒಳಹೋಗಲು ಬಿಡುವುದಿಲ್ಲ. ಒಳಗೆ ಹೋದ ಮೇಲೆ, ಗ್ರೇಟ್ ಕಾರ್ಡಿಯಾಕ್ ವೇನ್ ಬಂದು ಸೇರುವಲ್ಲಿ ವ್ಯೂಸೆನ್ಸ್ ಕವಾಟ ಮತ್ತೆ ಅಡ್ಡ ಬರಬಹುದು. ಗೋಡೆ ತೆಳು, ಒತ್ತಿ ತಳ್ಳಿದರೆ ಸೀಳುತ್ತದೆ. ತಾಳ್ಮೆ ಬೇಕಾದ ಕೆಲಸ.

ಇದೇ ದಾರಿಯನ್ನು ಸರ್ಜನ್‌ಗಳೂ ಬಳಸುತ್ತಾರೆ. ಹೃದಯ ನಿಲ್ಲಿಸುವ ಕಾರ್ಡಿಯೋಪ್ಲೀಜಿಯಾ ದ್ರವವನ್ನು ಕರೋನರಿ ಸೈನಸ್‌ನಿಂದ ಹಿಮ್ಮುಖವಾಗಿ ಕೊಡುತ್ತಾರೆ. ಕರೋನರಿ ಅಪಧಮನಿಗಳು ಕಟ್ಟಿಕೊಂಡಿದ್ದರೂ ಸ್ನಾಯುವಿಗೆ ರಕ್ಷಣೆ ಸಿಗುತ್ತದೆ.

ಎಕೋ ಅಕ್ಕ

ಎಕೋದಲ್ಲಿ ಕರೋನರಿ ಸೈನಸ್ ತುಂಬಾ ಹಿಗ್ಗಿದೆ ಎಂದು ಕಂಡರೆ ನಾನು ಎಡ ತೋಳಿನ ಅಭಿಧಮನಿಗೆ ಗುಳ್ಳೆಗಳಿರುವ ಸಲೈನ್ ಹಾಕಿಸಿ ನೋಡುತ್ತೇನೆ. ಗುಳ್ಳೆಗಳು ಬಲ ಏಟ್ರಿಯಂಗಿಂತ ಮೊದಲು ಕರೋನರಿ ಸೈನಸ್‌ನಲ್ಲಿ ಕಂಡರೆ, ಎಡಗಡೆಯ ಸುಪೀರಿಯರ್ ವೀನಾ ಕೇವಾ ಉಳಿದುಕೊಂಡಿದೆ ಎಂದರ್ಥ. ಭ್ರೂಣದಲ್ಲಿ ಇದ್ದು ಮುಚ್ಚಿಹೋಗಬೇಕಾದ ನಾಳ ಅದು. ಸಾಮಾನ್ಯ ಜನರಲ್ಲಿ 200ಕ್ಕೆ ಒಬ್ಬರಿಗಿಂತ ಕಡಿಮೆ. ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ಎಡಗಡೆಯಿಂದ ಪೇಸ್‌ಮೇಕರ್ ತಂತಿ ಹಾಕುವವರಿಗೆ, ಹಿಮ್ಮುಖ ಕಾರ್ಡಿಯೋಪ್ಲೀಜಿಯಾ ಕೊಡುವವರಿಗೆ ಮುಂಚೆಯೇ ಹೇಳಲೇಬೇಕು.

ಅಮ್ಮನ ಮಗಳು

ನನ್ನದೊಂದು ಪ್ರಶ್ನೆ. ಅಮ್ಮನಿಗೆ ಮೈಟ್ರಲ್ ಕವಾಟ ಕಿರಿದಾಗಿದೆ, ಬಹಳ ವರ್ಷದಿಂದ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ದನಿ ಒಡೆದಿದೆ, ಗಟ್ಟಿ ಪದಾರ್ಥ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದಂತೆ. ಹೃದಯಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಹೃದ್ರೋಗ ವಿಭಾಗ

ಇರಬಹುದು ಮೇಡಂ. ಕವಾಟ ಕಿರಿದಾದಾಗ ರಕ್ತ ಮುಂದೆ ಹೋಗದೆ ಎಡ ಏಟ್ರಿಯಂ ವರ್ಷಗಟ್ಟಲೆ ಹಿಗ್ಗುತ್ತಾ ಬರುತ್ತದೆ. ಅದರ ಹಿಂದೆಯೇ ಅನ್ನನಾಳ ಇರುವುದರಿಂದ ಹಿಗ್ಗಿದ ಏಟ್ರಿಯಂ ಅದನ್ನು ಹಿಂದಕ್ಕೆ ಒತ್ತುತ್ತದೆ. ಬೇರಿಯಂ ಕುಡಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದರೆ ಅನ್ನನಾಳ ಬಾಗಿರುವುದು ಕಾಣುತ್ತದೆ. ಮೇಲೆ ಶ್ವಾಸನಾಳ ಕವಲೊಡೆಯುವ ಕೋನವೂ ಅಗಲವಾಗುತ್ತದೆ. ದನಿಯ ವಿಷಯವೂ ಹಳೆಯದೇ. 1897ರಲ್ಲಿ ಆರ್ಟ್ನರ್ ಅನ್ನುವ ವೈದ್ಯರು ಮೈಟ್ರಲ್ ರೋಗಿಗಳಲ್ಲಿ ಇದನ್ನು ವಿವರಿಸಿದರು. ಧ್ವನಿಪೆಟ್ಟಿಗೆಗೆ ಹೋಗುವ ಎಡ ನರ ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತಿ ಮೇಲೇರುತ್ತದೆ. ಉಬ್ಬಿದ ಪಲ್ಮನರಿ ಅಪಧಮನಿಗೂ ಮಹಾಪಧಮನಿಗೂ ನಡುವೆ ಅದು ಸಿಕ್ಕಿ ಅಮುಕಿಹೋಗುತ್ತದೆ.

ಆದರೆ ಹೃದಯದಿಂದಲೇ ಅಂತ ನಿರ್ಧರಿಸಿ ಸುಮ್ಮನಿರಬೇಡಿ. ನುಂಗಲು ಕಷ್ಟ, ದನಿ ಬದಲಾವಣೆ ಎರಡಕ್ಕೂ ಬೇರೆ ಗಂಭೀರ ಕಾರಣಗಳಿವೆ. ಕಿವಿ ಮೂಗು ಗಂಟಲು ವೈದ್ಯರು ಧ್ವನಿತಂತುಗಳನ್ನು ನೋಡಲಿ, ಹೃದಯದ ವೈದ್ಯರು ಎಕೋ ಮತ್ತೆ ಮಾಡಲಿ. ಮುಂದೆ ಟಿಇಇ ಮಾಡಬೇಕೆಂದರೆ, ನುಂಗಲು ಕಷ್ಟ ಇದೆ ಎಂದು ಮೊದಲೇ ಹೇಳಿ. ಪ್ರೋಬ್ ಹಾಕುವವರಿಗೆ ಇದು ತಿಳಿದಿರಲೇಬೇಕು.

ಅಮ್ಮನ ಮಗಳು

ತುಂಬಾ ಧನ್ಯವಾದ ಡಾಕ್ಟರ್. ಈ ವಾರವೇ ಕರೆದುಕೊಂಡು ಹೋಗುತ್ತೇನೆ.

ಬಡಿತ ತಪ್ಪಿದವ

ನನಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಕ್ರಮ ತಪ್ಪುವ ಕಾಯಿಲೆ) ಇದೆ. ಮುಂದಿನ ತಿಂಗಳು ಅಬ್ಲೇಷನ್ ಮಾಡುತ್ತಾರೆ. ಪಲ್ಮನರಿ ವೇನ್ ಸುತ್ತ ಸುಡುತ್ತೇವೆ ಎಂದರು. ಇಲ್ಲಿ ಓದಿದ ಮೇಲೆ ಒಂದು ಯೋಚನೆ ಬಂತು. ಅನ್ನನಾಳ ಅಷ್ಟು ಹತ್ತಿರ ಇದ್ದರೆ ಅಪಾಯ ಇಲ್ಲವಾ?

ಪೇಸ್‌ಮೇಕರ್ ತಂಡ

ಸರಿಯಾದ ಪ್ರಶ್ನೆ ಕೇಳಿದ್ದೀರಿ ಸರ್. ಮೊದಲು ಅಲ್ಲೇ ಯಾಕೆ ಅನ್ನುವುದು. ಎಡ ಏಟ್ರಿಯಂನ ಸ್ನಾಯು ಪಲ್ಮನರಿ ವೇನ್‌ಗಳ ಒಳಗೂ ಸ್ವಲ್ಪ ದೂರ ಚಾಚಿರುತ್ತದೆ. ಆ ಸ್ನಾಯುವಿನಿಂದ ಹೊರಡುವ ಅಡ್ಡಾದಿಡ್ಡಿ ಮಿಡಿತಗಳೇ ಬಹಳ ಜನರಲ್ಲಿ ಫಿಬ್ರಿಲೇಷನ್ ಶುರುಮಾಡುತ್ತವೆ. 1998ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಹೈಸಗೇರ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಈಗಿನ ಚಿಕಿತ್ಸೆಗೆ ಅದೇ ತಳಹದಿ. ವೇನ್‌ಗಳ ಬಾಯಿಯ ಸುತ್ತ ಗೆರೆ ಎಳೆದಂತೆ ಸುಟ್ಟು ಅಥವಾ ತೀರಾ ತಣ್ಣಗಾಗಿಸಿ, ಆ ಮಿಡಿತ ಹೊರಗೆ ಬರದಂತೆ ಮಾಡುತ್ತಾರೆ.

ಹಿಂಗೋಡೆ ತೆಳು, ಕೆಲವೇ ಮಿಲಿಮೀಟರ್. ಬಿಸಿ ಅದನ್ನು ದಾಟಿ ಅನ್ನನಾಳಕ್ಕೆ ತಾಗಬಹುದು. ಅದಕ್ಕೆ ಹಿಂಗೋಡೆಯಲ್ಲಿ ಕಡಿಮೆ ಶಕ್ತಿ, ಕಡಿಮೆ ಹೊತ್ತು ಬಳಸುತ್ತೇವೆ. ಅನ್ನನಾಳದಲ್ಲಿ ಉಷ್ಣತೆ ಅಳೆಯುವ ತಂತಿ ಇಡುವುದುಂಟು. ಇತ್ತೀಚೆಗೆ ಬಂದಿರುವ ಪಲ್ಸ್ಡ್ ಫೀಲ್ಡ್ ವಿಧಾನ ಬಿಸಿಯನ್ನು ನೆಚ್ಚಿಲ್ಲ, ಹೃದಯದ ಸ್ನಾಯುವಿಗೇ ಹೆಚ್ಚು ತಾಗುತ್ತದೆ, ಅನ್ನನಾಳಕ್ಕೆ ಅಪಾಯ ಕಡಿಮೆ.

ಬಲಗಡೆ ಇನ್ನೊಂದು ನೆರೆಯಿದೆ. ಬಲ ಫ್ರೆನಿಕ್ ನರ ಬಲ ಮೇಲಿನ ಪಲ್ಮನರಿ ವೇನ್ ಹತ್ತಿರವೇ ಹಾದು ಡಯಾಫ್ರಮ್‌ಗೆ ಹೋಗುತ್ತದೆ. ಆ ವೇನ್ ಅನ್ನು ತಣ್ಣಗೆ ಮಾಡುವಾಗ ನಾವು ಸುಪೀರಿಯರ್ ವೀನಾ ಕೇವಾದಿಂದ ಆ ನರವನ್ನು ವಿದ್ಯುತ್ತಿನಿಂದ ಮಿಡಿಸುತ್ತಾ ಇರುತ್ತೇವೆ. ತಂಡದಲ್ಲಿ ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಿರುತ್ತಾರೆ. ಪ್ರತಿ ಮಿಡಿತಕ್ಕೂ ಡಯಾಫ್ರಮ್ ಕುಪ್ಪಳಿಸುವುದು ಅಂಗೈಗೆ ತಿಳಿಯುತ್ತದೆ. ಅದು ಸ್ವಲ್ಪ ಸೋತರೂ ಕೂಗಿ ಹೇಳುತ್ತಾರೆ, ಕೂಡಲೇ ನಿಲ್ಲಿಸುತ್ತೇವೆ.

ಬಡಿತ ತಪ್ಪಿದವ

ಇಷ್ಟು ಜಾಗ್ರತೆ ವಹಿಸುತ್ತಾರೆ ಎಂದು ತಿಳಿದು ಧೈರ್ಯ ಬಂತು. ಮನೆಗೆ ಬಂದ ಮೇಲೆ ನಾನು ಏನು ಗಮನಿಸಬೇಕು?

ವಾರ್ಡ್ ಸಿಸ್ಟರ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಡಿಸ್ಚಾರ್ಜ್ ಮಾಡುವಾಗ ಪ್ರತಿಯೊಬ್ಬರಿಗೂ ಹೇಳುವುದು ನಾನೇ. ಎಡ ಏಟ್ರಿಯಂಗೂ ಅನ್ನನಾಳಕ್ಕೂ ನಡುವೆ ತೂತಾಗುವುದು ತುಂಬಾ ಅಪರೂಪ. ಆದರೆ ಒಮ್ಮೆ ತೂತಾಯಿತೆಂದರೆ ಪ್ರಾಣಕ್ಕೇ ಅಪಾಯ. ಅದು ಆಸ್ಪತ್ರೆಯಲ್ಲಿ ಇರುವಾಗ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚಾಗಿ 1ರಿಂದ 6 ವಾರದ ನಡುವೆ, ನೀವು ಎಲ್ಲ ಮುಗಿಯಿತು ಅಂದುಕೊಂಡಿರುವಾಗ ಬರುತ್ತದೆ. 8 ವಾರದವರೆಗೂ ಎಚ್ಚರ ಇರಲಿ.

ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ರಕ್ತ ವಾಂತಿ, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಬಂದರೂ ಸಾಮಾನ್ಯ ಜ್ವರದ ಮಾತ್ರೆ ತೆಗೆದುಕೊಂಡು ಮಲಗಬೇಡಿ. ಅಬ್ಲೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಬೇರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಬಾಗಿಲಲ್ಲೇ "ಇಂಥ ದಿನ ಅಬ್ಲೇಷನ್ ಆಗಿದೆ" ಎಂದು ಹೇಳಿ. ಇಲ್ಲದಿದ್ದರೆ ಅವರು ಹೊಟ್ಟೆಯ ತೊಂದರೆ ಎಂದುಕೊಂಡು ಎಂಡೋಸ್ಕೋಪಿಗೆ ಕಳಿಸಬಹುದು. ಎಂಡೋಸ್ಕೋಪಿಯಲ್ಲಿ ಗಾಳಿ ಊದುತ್ತಾರೆ. ತೂತು ಇದ್ದರೆ ಆ ಗಾಳಿ ಹೃದಯಕ್ಕೆ ನುಗ್ಗಿ ಮೆದುಳಿಗೆ ಹೋಗುತ್ತದೆ. ಮೊದಲು ಮಾಡಬೇಕಾದದ್ದು ಎದೆಯ ಸಿಟಿ.

ಡಿಸ್ಚಾರ್ಜ್ ಚೀಟಿಯ ಫೋಟೋ ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇರಲಿ. ಮಾತಾಡಲು ಆಗದ ಸ್ಥಿತಿಯಲ್ಲಿ ಬಂದರೆ ಅದನ್ನು ಅವರೇ ತೋರಿಸಬೇಕಲ್ಲ.

ಬಡಿತ ತಪ್ಪಿದವ

ಮಾಡುತ್ತೇನೆ ಸಿಸ್ಟರ್. ಹೆಂಡತಿಗೂ ಇದನ್ನು ಓದಲು ಕಳಿಸಿದ್ದೇನೆ. ರಕ್ತ ತೆಳುಮಾಡುವ ಮಾತ್ರೆ ಅಬ್ಲೇಷನ್ ಆದ ಮೇಲೆ ನಿಲ್ಲಿಸಬಹುದಾ?

ವಾರ್ಡ್ ಸಿಸ್ಟರ್

ನೀವಾಗಿ ನಿಲ್ಲಿಸಲೇಬೇಡಿ. ಕಡಿಮೆ ಅಂದರೂ 2 ತಿಂಗಳು ಮುಂದುವರಿಸುತ್ತಾರೆ. ಆಮೇಲೂ ಬೇಕಾ ಬೇಡವಾ ಅನ್ನುವುದು ನಿಮ್ಮ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತಾ ಅನ್ನುವುದರ ಮೇಲೆ ನಿಂತಿದೆ. ಬಡಿತ ಸರಿಹೋಯಿತು ಅನ್ನುವ ಒಂದೇ ಕಾರಣಕ್ಕೆ ಬಿಡುವಂತಿಲ್ಲ. ಮುಂದಿನ ಭೇಟಿಯಲ್ಲಿ ನಿಮ್ಮ ಡಾಕ್ಟರನ್ನೇ ಕೇಳಿ.